ಕೈ ಕೊಟ್ಟ ಮೇಲೆ

ಜನವರಿ ಬಂತೆಂದರೆ ಬೆಲ್‌ಫೋರ್ಜ್ ಹೈಸ್ಕೂಲಿನ ಮುಂದೆ ಕಾಲೇಜು ಕೋಚುಗಳ ಕಾರು ನಿಲ್ಲಿಸಲು ಜಾಗ ಸಾಲದಂಥ ಕಾಲ ಒಂದಿತ್ತು. ಅದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಈಗ ಅರ್ಧ ಜನ ಇದ್ದಾರು. ಮಿಕ್ಕವರು ಆ ಮಾತನ್ನು ಕೇಳಿ ಕೇಳಿ ತಾವೂ ಕಂಡೆವೆಂದೇ ನಂಬಿಕೊಂಡಿದ್ದಾರೆ. ಎಮಿಲ್ ಡುಡಾ ಕಂಡವರ ಪೈಕಿ. ಮೂವತ್ತೆಂಟು ವರ್ಷದಿಂದ ಆ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರೂ ಅವನೇ, ಫುಟ್‌ಬಾಲ್ ತಂಡದ ಕೋಚೂ ಅವನೇ. ಮರಗೆಲಸದ ಕೋಣೆಯ ಕಿಟಕಿಯಲ್ಲಿ ನಿಂತು ಕಾರುಗಳನ್ನು ಎಣಿಸುತ್ತಿದ್ದ. ಒಂದು ವರ್ಷ ಹತ್ತೊಂಬತ್ತು ಬಂದಿದ್ದವು. ಆಮೇಲೆ ಹನ್ನೊಂದು, ಆರು, ಮೂರು. ಎಂಟು ವರ್ಷದ ಹಿಂದೆ ಎಣಿಸುವುದನ್ನೇ ಬಿಟ್ಟ. ಕಿಟಕಿಯ ಹತ್ತಿರ ನಿಂತರೆ ಹುಡುಗರು ತನ್ನ ಬೆನ್ನನ್ನೇ ನೋಡುತ್ತಾರೆಂಬ ನಾಚಿಕೆ ಅವನಿಗೆ.

ಇಲ್ಲಿ ಫುಟ್‌ಬಾಲ್ ಎಂದರೆ ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಕವಚ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ. ಚೆನ್ನಾಗಿ ಆಡುವ ಹುಡುಗರನ್ನು ಕಾಲೇಜಿನವರು ಬಂದು ಆರಿಸಿ, ಫೀಸಿಲ್ಲದೆ ಓದಿಸಿ ತಮ್ಮ ತಂಡಕ್ಕೆ ಆಡಿಸಿಕೊಳ್ಳುತ್ತಾರೆ. ಚೆಂಡು ಎಸೆಯುವವನಿಗೂ ಹಿಡಿದು ಓಡುವವನಿಗೂ ಹೆಸರು ಬರುತ್ತದೆ. ಅವರಿಗೆ ಏಟು ಬೀಳದಂತೆ ಮುಂದಿನ ಸಾಲಿನಲ್ಲಿ ಅಡ್ಡ ನಿಲ್ಲುವ ದೈತ್ಯರಿಗೆ ಲೈನ್‌ಮನ್ ಎನ್ನುತ್ತಾರೆ. ನಾಲ್ಕು ವರ್ಷ ಆಡಿದರೂ ಒಮ್ಮೆಯೂ ಚೆಂಡು ಮುಟ್ಟದೆ ಮನೆಗೆ ಹೋಗುವವರು ಇವರು. ಊರಿನವರು ಮಾನ್ ಎಂದೇ ಕರೆಯುವ ಮೊನಾಂಗಹೀಲಾ ನದಿಯ ಈ ಕಣಿವೆ ಹೆಸರು ಮಾಡಿದ್ದು ಇಂಥ ಲೈನ್‌ಮನ್‌ಗಳಿಂದ. ಉಕ್ಕಿನ ಕಾರ್ಖಾನೆಗೆಂದು ಸಮುದ್ರ ದಾಟಿ ಬಂದ ಸ್ಲೊವಾಕರ, ಇಟಲಿಯವರ ಮಕ್ಕಳು, ದಕ್ಷಿಣದಿಂದ ರೈಲು ಹತ್ತಿ ಬಂದ ಕಪ್ಪು ಜನರ ಮಕ್ಕಳು, ಎಲ್ಲರೂ ಗಟ್ಟಿ ಆಳುಗಳು. ಕಾರ್ಖಾನೆ ಮುಚ್ಚಿತು. ಕೆಲಸ ಇದ್ದ ಕಡೆ ಜನ ಹೋದರು. ಹೋದವರ ಮಕ್ಕಳು ಈಗ ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಹುಟ್ಟಿ ಅಲ್ಲೇ ಬೆಳೆದು ಅಲ್ಲೇ ಆಡುತ್ತಿದ್ದಾರೆ. ಕಾಲೇಜಿನವರು ಅವರ ಹಿಂದೆಯೇ ಅಲ್ಲಿಗೆ ಹೋದರು. ಇದರಲ್ಲಿ ಯಾರ ತಪ್ಪೂ ಇಲ್ಲ, ಅದಕ್ಕೇ ಎಮಿಲನಿಗೆ ಯಾರ ಮೇಲೆ ರೇಗಬೇಕೋ ತಿಳಿಯುತ್ತಿರಲಿಲ್ಲ.

ಅವನನ್ನು ಆಯ್ದುಕೊಂಡವರು ಬೇರೆ ತರದ ಜನ. 1976ರಲ್ಲಿ, ಅವನಿಗೆ ಹದಿನೇಳು ವರ್ಷ, ಗುಡ್ಡ ದಾಟಿ ಒಂದೂವರೆ ಗಂಟೆ ದಾರಿಯ ವೆಸ್ಟ್‌ಬ್ರಿಜ್ ಕಾಲೇಜಿನಿಂದ ಬಡ್ ಹಾಲೊರನ್ ಎಂಬ ಕೋಚ್ ಮನೆಗೆ ಬಂದ. ನಡುಮನೆಯಲ್ಲಿ ಕೂರದೆ ನೇರ ಅಡುಗೆಮನೆಗೆ ನಡೆದ. ಎಮಿಲನ ತಾಯಿ ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಹುರಿದಿದ್ದ ಹಲುಷ್ಕಿ ಎಂಬ ಶಾವಿಗೆಯನ್ನು ಎರಡು ತಟ್ಟೆ ತಿಂದು, ಬೇಡ ಬೇಡ ಎನ್ನುತ್ತಲೇ ಮೂರನೆಯದನ್ನೂ ಹಾಕಿಸಿಕೊಂಡು, "ನಿಮ್ಮ ಹುಡುಗ ನಮಗೆ ಬೇಕಮ್ಮ" ಎಂದು ಮೇಜಿನ ಮೇಲೆ ಕೈ ಚಾಚಿದ. ಎಮಿಲ್ ಕೈ ಕೊಟ್ಟ. ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಮಿಕ್ಕ ಕಾಲೇಜುಗಳಿಗೆಲ್ಲ ಅವನೇ ಫೋನು ಮಾಡಿ, ನನ್ನ ಮಾತು ಕೊಟ್ಟಾಯಿತು, ನನಗಾಗಿ ಜಾಗ ಇಟ್ಟುಕೊಂಡು ಕಾಯಬೇಡಿ ಎಂದು ಹೇಳಿದ. ಕಣಿವೆಯ ಪದ್ಧತಿ ಅದು. ಒಬ್ಬರಿಗೆ ಕೈ ಕೊಟ್ಟ ಮೇಲೆ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವವನು ಹುಡುಗನೇ ಅಲ್ಲ ಎಂದು ಇಲ್ಲಿಯವರ ಎಣಿಕೆ. ಕೈ ಕೊಡುವುದಕ್ಕೆ ನಮ್ಮ ಕನ್ನಡದಲ್ಲಿರುವ ಇನ್ನೊಂದು ಅರ್ಥ ಪಾಪ, ಅವರಿಗೆ ಗೊತ್ತಿರಲಿಲ್ಲ.

ಎಮಿಲ್ ನಾಲ್ಕು ವರ್ಷ ವೆಸ್ಟ್‌ಬ್ರಿಜ್‌ಗೆ ಆಡಿದ, ಮೊಣಕಾಲು ಕೆಡಿಸಿಕೊಂಡ, ಪದವಿ ಹಿಡಿದು ಊರಿಗೆ ಬಂದ. ಬಂದವನು ಮೂವತ್ತೊಂದು ಹುಡುಗರನ್ನು ಅದೇ ಕಾಲೇಜಿಗೆ ಅದೇ ರೀತಿ ಕಳಿಸಿದ. ಅವನ ಪರೀಕ್ಷೆ ಒಂದೇ. ವಿಡಿಯೊ ಗಿಡಿಯೊ ನೋಡುವವನಲ್ಲ. ಹುಡುಗನ ಹಳೆಯ ಶೂ ಕೈಗೆತ್ತಿಕೊಂಡು ಅಡಿಭಾಗ ನೋಡುತ್ತಿದ್ದ. ಹಿಮ್ಮಡಿ ಸವೆದಿದ್ದರೆ ಇವನು ತಳ್ಳಿಸಿಕೊಳ್ಳುವವನು. ಹೆಬ್ಬೆರಳಿನ ಬುಡ ಸವೆದಿದ್ದರೆ ತಳ್ಳುವವನು. ಎರಡು ಕಾಲೂ ಒಂದೇ ಸಮ ಸವೆದಿದ್ದರೆ ಬಡ್‌ಗೆ ಫೋನು ಹೋಗುತ್ತಿತ್ತು. ಬಡ್ ತೀರಿಕೊಂಡ. ಅಂಥ ಶೂ ಕೊನೆಯದಾಗಿ ಎಮಿಲನ ಕೈಗೆ ಸಿಕ್ಕಿ ಎಂಟು ವರ್ಷವಾಗಿತ್ತು.

ಆಗ ಬಂದವನು ಮಾರ್ಲನ್ ಪೆಟ್ವೇ. ಹನ್ನೊಂದನೇ ತರಗತಿ, ಆರಡಿ ಐದಂಗುಲ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಾಗ ಬಾಗಿಲಿಗೇ ಕ್ಷಮೆ ಕೇಳುವಂಥ ಮೆದು ಸ್ವಭಾವ. ಮೈದಾನದಲ್ಲಿ ಮಾತ್ರ ಎದುರಿಗೆ ನಿಂತವನನ್ನು ಮೇಜು ಸರಿಸಿದ ಹಾಗೆ ಸರಿಸುತ್ತಿದ್ದ. ಅವನ ತಾಯಿ ಲೊರೇನ್ ಮುದುಕರ ಆರೈಕೆ ಮನೆಯಲ್ಲಿ ಅಡುಗೆ ಮಾಡುವವಳು. ಒಂದು ಕಾಲಕ್ಕೆ ಎಮಿಲನ ವಿದ್ಯಾರ್ಥಿನಿ, ಈಗಲೂ ಅವನಿಗೆ ಮೇಷ್ಟ್ರೇ ಎನ್ನುತ್ತಾಳೆ. ಮನೆಯಲ್ಲಿ ಅವರಿಬ್ಬರೇ.

ಜನವರಿಯ ಕೊನೆಯ ವಾರ ವೆಸ್ಟ್‌ಬ್ರಿಜ್‌ನಿಂದ ಒಬ್ಬ ಬಂದ. ಹೆಸರು ಕೋಡಿ ರಾಲ್ಸ್ಟನ್, ಇಪ್ಪತ್ತೊಂಬತ್ತು ವರ್ಷ, ಹೊಸ ಹೆಡ್ ಕೋಚಿನ ಜತೆ ಟೆಕ್ಸಾಸಿನಿಂದ ಬಂದವನು. ಎಮಿಲನೇ ಅವನನ್ನು ಲೊರೇನಳ ಅಡುಗೆಮನೆಗೆ ಕರೆದುಕೊಂಡು ಹೋದ. ಲೊರೇನ್ ಬೆಳಗಿನಿಂದ ನಿಂತು ಕೋಳಿ ಕರಿದಿದ್ದಳು, ಸೊಪ್ಪು ಬೇಯಿಸಿದ್ದಳು, ಮುಸುಕಿನ ಜೋಳದ ಬ್ರೆಡ್ಡು ಮಾಡಿದ್ದಳು. ಕೋಡಿ ಎಲ್ಲವನ್ನೂ ಹೊಗಳಿದ. ತಾನು ತಂದ ಬಾಟಲಿಯಿಂದ ಏನೋ ಹಸಿರು ನೀರು ಗುಟುಕರಿಸುತ್ತ ಕೂತ. ಎರಡು ಸಲ ಫೋನು ನೋಡಿದ.

"ಪೆಟ್ವೇ ಅವರೇ, ನಾವು ಮಾರ್ಲನ್‌ಗೆ ಆಫರ್ ಕೊಡ್ತಾ ಇದೀವಿ," ಎಂದ.

ಲೊರೇನ್ ಕೈ ಒರೆಸಿಕೊಂಡಳು. "ನಾನು ದೊಡ್ಡದೇನೂ ಕೇಳಲ್ಲ. ಶನಿವಾರ ನನಗೆ ರಜ. ವೆಸ್ಟ್‌ಬ್ರಿಜ್ ಒಂದೂವರೆ ಗಂಟೆ ದಾರಿ. ಪ್ರತಿ ಆಟಕ್ಕೂ ಬಂದು ಕೂತ್ಕೋತೀನಿ. ಮಗ ಮನೆ ಹತ್ರ ಇದ್ರೆ ಸಾಕು, ಅದೊಂದೇ."

"ಹತ್ರಾನೇ ಮೇಡಂ, ಹತ್ರಾನೇ."

"ಮಾರ್ಲನ್, ಕೈ ಕೊಡು," ಎಂದ ಎಮಿಲ್.

ಹುಡುಗ ಎದ್ದು ಕೈ ಚಾಚಿದ. ಕೋಡಿ ಒಂದು ಕ್ಷಣ ಆ ಕೈಯನ್ನು, ಇದೇನು ಎಂಬಂತೆ ನೋಡಿದ. ಆಮೇಲೆ ನಕ್ಕು ಕುಲುಕಿದ. ಎಮಿಲ್ ಆ ಒಂದು ಕ್ಷಣವನ್ನು ಕಂಡ. ಕಂಡೂ ಕಾಣದವನಂತೆ ಇದ್ದ.

ಕಾರು ಹೋದ ಮೇಲೆ ಲೊರೇನ್ ತುಂಬಿದ ತಟ್ಟೆ ನೋಡುತ್ತ ನಿಂತಳು. "ಮುಟ್ಟಲೇ ಇಲ್ವಲ್ಲ ಮೇಷ್ಟ್ರೇ."

"ಈಗಿನ ಹುಡುಗ್ರು ಹಂಗೇ ಕಣಮ್ಮ. ಹೊಟ್ಟೆ ಬಂದ್ಬಿಡುತ್ತೆ ಅಂತ ಭಯ."

"ಬಡ್ ಅಂತ ಒಬ್ರು ಬರ್ತಿದ್ರು, ಪಾತ್ರೇನೂ ನೆಕ್ಕೋರು ಅಂತ ನೀವೇ ಕ್ಲಾಸಲ್ಲಿ ಹೇಳ್ತಿದ್ರಿ."

"ಅದು ಬೇರೆ ಕಾಲ. ಮಾತು ಮಾತೇ. ಬಾ ಮಾರ್ಲನ್, ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬಾ. ಫೋನು ಮಾಡೋದಿದೆ."

ಮಾರ್ಲನ್‌ನನ್ನು ಕೇಳಿದ್ದ ಕಾಲೇಜುಗಳು ಇನ್ನೂ ನಾಲ್ಕಿದ್ದವು. ಎಲ್ಲವೂ ವೆಸ್ಟ್‌ಬ್ರಿಜ್‌ಗಿಂತ ಸಣ್ಣವು, ದೂರದವು. ಮಾರನೆಯ ದಿನ ಮರಗೆಲಸದ ಕೋಣೆಯಲ್ಲಿ ಹುಡುಗ ಒಂದೊಂದಕ್ಕೂ ಫೋನು ಮಾಡಿ, ಎಮಿಲ್ ಹೇಳಿಕೊಟ್ಟಂತೆಯೇ, ತನಗಾಗಿ ಕಾಯಬೇಡಿ ಎಂದ. ಮೂರು ಕಡೆಯವರು ಆಶ್ಚರ್ಯಪಟ್ಟು ಫೋನಿಟ್ಟರು. ನಾಲ್ಕನೆಯದು ಓಹಾಯೊದಲ್ಲಿ. ಅಲ್ಲಿಯ ಕೋಚ್ ಫ್ರ್ಯಾಂಕ್ ಎಮಿಲನಿಗೆ ಹಳೆಯ ಪರಿಚಯ. ಫೋನು ಎಮಿಲನಿಗೆ ಕೊಡು ಎಂದ.

"ಎಮಿಲ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವರು ಆಫರ್ ಅಂದ್ರಾ, ಇಲ್ಲಾ ಒಪ್ಕೊಂಡ್ರೆ ಜಾಗ ಇದೆ ಅಂದ್ರಾ?"

"ಎರಡೂ ಒಂದೇ ಅಲ್ವಾ?"

"ಇರ್ಲಿ ಬಿಡು. ನೀನು ಅಲ್ಲೇ ಆಡಿದವನು, ನಿನಗೆ ಗೊತ್ತಿರುತ್ತೆ."

ಹುಡುಗ ಕೈತಪ್ಪಿದ ಹೊಟ್ಟೆಕಿಚ್ಚು ಇವನಿಗೆ ಎಂದುಕೊಂಡ ಎಮಿಲ್. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಒಂದು ಮಾತು ತಿರುಗಿಸಿ ಕೇಳಬಹುದಿತ್ತು. ಅರವತ್ತನಾಲ್ಕು ವರ್ಷದ ಮನುಷ್ಯ, ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳು ಎಂದರೆ ಮೀಸೆ ಮಣ್ಣಾಗುತ್ತಿತ್ತೇ? ಆದರೆ ಮೂವತ್ತೊಂದು ಹುಡುಗರನ್ನು ಕಳಿಸಿದವನಿಗೆ, ಆಫರ್ ಎಂದರೇನು ಎಂದು ಇನ್ನೊಬ್ಬರನ್ನು ಕೇಳುವುದು ತನ್ನ ಹೆಸರೇನು ಎಂದು ಕೇಳಿದ ಹಾಗೆ.

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಊರಿಗೆಲ್ಲ ಕರಿದ ಮೀನಿನ ಊಟ. ಆ ಸಲ ಎಮಿಲನನ್ನು ಸಾಲಿನಲ್ಲಿ ನಿಲ್ಲುವುದಕ್ಕೇ ಜನ ಬಿಡಲಿಲ್ಲ. ಬಂದವರೆಲ್ಲ ಬೆನ್ನು ತಟ್ಟಿದರು. ಎಣ್ಣೆಯ ಬಾಂಡಲೆಯ ಹಿಂದೆ ನಿಂತಿದ್ದ ಸ್ಟಾಶ್, ಎಮಿಲನ ಜತೆ ಆಡಿದವನು, ಜರಡಿ ಸೌಟು ಎತ್ತಿ ಹಿಡಿದ.

"ಏನಪ್ಪಾ, ಈ ಕಣಿವೇಲಿ ಇನ್ನೂ ಜನ ವಾಸ ಇದ್ದಾರೆ ಅಂತ ವೆಸ್ಟ್‌ಬ್ರಿಜ್‌ಗೆ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು. ನಿನ್ನ ಎಣ್ಣೆ ವಾಸನೆ ಅಲ್ಲಿವರೆಗೂ ಹೋಗುತ್ತೆ."

"ಈ ಎಣ್ಣೆ ನೀನು ಆಡ್ತಿದ್ದ ಕಾಲದ್ದು ಕಣೋ, ಬದಲಾಯಿಸೇ ಇಲ್ಲ."

ಎಮಿಲ್ ಎರಡು ತುಂಡು ಹೆಚ್ಚಿಗೆ ತಿಂದ. ಎದುರಿಗೆ ಕೂತಿದ್ದ ಹೆಂಡತಿ ಟೆಸ್ ಪತ್ರಿಕೆ ಬಿಡಿಸಿಕೊಂಡು ವೆಸ್ಟ್‌ಬ್ರಿಜ್‌ಗೆ ಮಾತು ಕೊಟ್ಟ ಹುಡುಗರ ಪಟ್ಟಿ ಓದುತ್ತಿದ್ದಳು. "ಜಾರ್ಜಿಯಾ, ಜಾರ್ಜಿಯಾ, ಫ್ಲಾರಿಡಾ, ಟೆಕ್ಸಾಸ್, ಜಾರ್ಜಿಯಾ. ಎಮಿಲ್, ಇದು ಕಾಲೇಜಿನ ಪಟ್ಟೀನಾ, ವಿಮಾನದ ಟೈಮ್‌ಟೇಬಲ್ಲಾ?"

"ಮಾರ್ಲನ್ ಹೆಸರು?"

"ಇಲ್ಲ."

"ಪತ್ರಿಕೆಯವರಿಗೆ ಗೊತ್ತಾಗಿರಲ್ಲ."

ಟೆಸ್ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಪತ್ರಿಕೆಯನ್ನು ಮಡಿಸಿ ಅದರ ಮೇಲೆ ತಟ್ಟೆ ಇಟ್ಟಳು. ಆಮೇಲೆ ಆ ಮಾತು ಎತ್ತಲಿಲ್ಲ. ಅವಳು ಮಾತು ಎತ್ತದೆ ಇರುವುದೇ ಎಮಿಲನಿಗೆ ಭಯ.

ಚಳಿ ಕಳೆದು ಬಿಸಿಲು ಬಂತು. ಎಮಿಲ್ ಕೋಡಿಗೆ ಸಂದೇಶ ಕಳಿಸಿದರೆ ಮೊದಮೊದಲು ಹೆಬ್ಬೆರಳಿನ ಚಿತ್ರವೊಂದು ಬರುತ್ತಿತ್ತು. ಏಪ್ರಿಲ್‌ನಲ್ಲಿ ಅದೂ ನಿಂತಿತು. ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಮೇ ತಿಂಗಳಲ್ಲಿ ಕಾಲೇಜಿನವರು ಶಾಲೆ ಶಾಲೆ ಸುತ್ತುವ ವಾರ, ಎಮಿಲ್ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ದಿನವೂ ಕಿಟಕಿಯ ಹತ್ತಿರ ನಿಂತ. ಯಾರೂ ಬರಲಿಲ್ಲ. ಗುರುವಾರ ಸ್ಟಾಶ್ ಬಂದು, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ವೆಸ್ಟ್‌ಬ್ರಿಜ್ ಅಂಗಿ ತೊಟ್ಟ ಹುಡುಗನೊಬ್ಬನನ್ನು ಕಂಡೆ, ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಎಂದು ಕೇಳುತ್ತಿದ್ದ ಎಂದ. ಆ ಬಂಕಿನಿಂದ ಶಾಲೆಗೆ ಎರಡು ಮೈಲಿ. ಎಮಿಲ್ ಶುಕ್ರವಾರವೂ ಇಸ್ತ್ರಿ ಷರಟು ಹಾಕಿಕೊಂಡು ಬಂದ.

ಜೂನ್ ಮೊದಲ ಸೋಮವಾರ, ಹೇಳದೆ ಕೇಳದೆ, ವೆಸ್ಟ್‌ಬ್ರಿಜ್‌ಗೆ ಕಾರು ಹೊರಡಿಸಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಕೋಡಿಯ ಕೋಣೆಯ ಗೋಡೆಯ ಮೇಲೆ ದೇಶದ ದೊಡ್ಡ ಭೂಪಟ ಇತ್ತು, ಕಣ್ಣಿಟ್ಟ ಹುಡುಗನಿಗೊಂದು ಗುಂಡುಪಿನ್ನು. ಕೆಳಗೆ ದಕ್ಷಿಣದಲ್ಲಿ ಪಿನ್ನು ಚುಚ್ಚಲು ಜಾಗವಿಲ್ಲ, ಒಂದರ ಮೇಲೊಂದು ಬಾಗಿ ನಿಂತಿವೆ. ತಮ್ಮ ಕಣಿವೆ ಇರುವ ಜಾಗವನ್ನು ಎಮಿಲ್ ಹುಡುಕಿದ. ಅಲ್ಲಿ ಹಿಂದೆ ಚುಚ್ಚಿದ್ದ ಪಿನ್ನುಗಳ ತೂತು ಮಾತ್ರ ಇದ್ದವು.

"ಕೋಚ್ ಡುಡಾ, ಬನ್ನಿ ಬನ್ನಿ. ಹೇಳ್ಬಿಟ್ಟು ಬರ್ಬಾರ್ದಾ?"

"ಹೇಳಕ್ಕೆ ನೀನು ಫೋನ್ ಎತ್ಬೇಕಲ್ಲಪ್ಪಾ. ಮಾರ್ಲನ್ ವಿಚಾರ ಏನು?"

ಕೋಡಿ ಕುರ್ಚಿಗೆ ಒರಗಿದ. ಕೆಟ್ಟವನೇನಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಹೆಂಡತಿ ತುಂಬಿದ ಬಸುರಿ, ಈ ವರ್ಷ ತಂಡ ಸೋತರೆ ಮೊದಲು ಮನೆಗೆ ಹೋಗುವವನು ಅವನೇ. "ಕೋಚ್, ಈಗ ನಮ್ಮಲ್ಲಿ ಅವನಿಗೆ ಜಾಗ ಇಲ್ಲ. ಐವರು ಲೈನ್‌ಮನ್ ಸಿಕ್ಕಾಯ್ತು."

"ನೀನು ಆಫರ್ ಕೊಟ್ಟಿದ್ದೆ."

"ಕೊಟ್ಟಿದ್ದೆ. ಲೈನ್‌ಮನ್‌ಗಳಿಗೇ ನಾವು ನೂರಾ ನಲ್ವತ್ತು ಆಫರ್ ಕೊಟ್ಟಿದ್ದೀವಿ."

"ಐದು ಜಾಗ ಇಟ್ಕೊಂಡು ನೂರಾ ನಲ್ವತ್ತು ಜನಕ್ಕೆ ಕೈ ಕೊಟ್ರಾ?"

"ಆಫರ್ ಅಂದ್ರೆ ಹುಡುಗ ನಮ್ಮ ಕಣ್ಣಲ್ಲಿದ್ದಾನೆ ಅಂತ, ಅಷ್ಟೇ. ಒಪ್ಕೊಳ್ಳಬಹುದಾದ ಆಫರ್ ಬೇರೆ. ಅದನ್ನ ನಾವೇ ಫೋನ್ ಮಾಡಿ, ಈಗ ಒಪ್ಕೊಳ್ಳಿ ಅಂತೀವಿ. ಇದು ಎಲ್ಲರಿಗೂ ಗೊತ್ತಿರೋದೇ."

"ನಾವು ಬೇರೆಯವರಿಗೆಲ್ಲ ಬೇಡ ಅಂದ್ವಿ. ಮಾರನೇ ದಿನಾನೇ."

ಕೋಡಿ ನಿಜವಾಗಿಯೂ ಬೆಚ್ಚಿದ. "ಜನವರೀಲೇ? ಯಾಕೆ ಕೋಚ್? ಯಾರು ಹಂಗೆ ಮಾಡ್ತಾರೆ? ಮಾತು ಕೊಟ್ಟ ಮೇಲೂ ಹುಡುಗರು ಮೂರ್ಮೂರು ಸಲ ಬದಲಾಯಿಸ್ತಾರೆ."

ಎಮಿಲ್ ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಉಪಯೋಗಕ್ಕೆ ಬಾರದಾಯಿತು. ತನಗೆ ಯಾರೂ ಮೋಸ ಮಾಡಿರಲಿಲ್ಲ. ಇಡೀ ದೇಶಕ್ಕೆ ಗೊತ್ತಿರುವ ಒಂದು ಮಾತಿನ ಅರ್ಥ ತನಗೊಬ್ಬನಿಗೆ ಗೊತ್ತಿರಲಿಲ್ಲ.

"ಹುಡುಗನಲ್ಲಿ ಏನು ತಪ್ಪು?" ಎಂದು ಕೊನೆಗೆ ಕೇಳಿದ.

"ತಪ್ಪೇನಿಲ್ಲ. ಆದ್ರೆ ಅವನು ಆಡ್ತಿರೋದು ಯಾರ ಎದುರಿಗೆ ಹೇಳಿ? ಅಲ್ಲಿ ಅವನೆದುರು ನಿಲ್ಲೋ ಒಬ್ಬನೂ ಕಾಲೇಜಿಗೆ ಆಡೋನಲ್ಲ. ಅವನೆಷ್ಟು ಗಟ್ಟಿ ಅಂತ ನಾವು ತೂಕ ಹಾಕೋದು ಹೆಂಗೆ? ಇದೇ ಹುಡುಗ ಜಾರ್ಜಿಯಾದಲ್ಲಿ ಆಡ್ತಿದ್ದಿದ್ರೆ," ಎಂದು ಶುರುಮಾಡಿ ಕೋಡಿ ಸುಮ್ಮನಾದ.

ಕಾರಿನಲ್ಲಿ ಕೂತೇ ಎಮಿಲ್ ಫ್ರ್ಯಾಂಕ್‌ಗೆ ಫೋನು ಮಾಡಿದ. ಜಾಗ ತುಂಬಿತ್ತು. ಮಿಕ್ಕ ಮೂರೂ ತುಂಬಿದ್ದವು. ಅಯ್ಯೋ ಎಮಿಲ್ ಎಂದ ಫ್ರ್ಯಾಂಕ್, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಲೊರೇನಳಿಗೆ ಅವತ್ತೇ ಹೇಳಿದ. ಆರೈಕೆ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕೂತಿದ್ದಳು. ಎಮಿಲ್ ಸುತ್ತಿ ಬಳಸಲಿಲ್ಲ. ನೂರಾ ನಲವತ್ತು, ಐದು, ಆಫರ್, ಇನ್ನೊಂದು ಆಫರ್, ಎಲ್ಲ ಹೇಳಿದ. ಕೋಡಿ ಅರ್ಧಕ್ಕೆ ನಿಲ್ಲಿಸಿದ ಜಾರ್ಜಿಯಾದ ಮಾತನ್ನೂ ಬಿಡದೆ ಹೇಳಿದ. ಮುಚ್ಚಿಡುವುದು ಅವನಿಗೆ ಬಾರದು.

ಲೊರೇನ್ ಏಪ್ರನ್ನಿನ ದಾರ ಬಿಗಿಮಾಡಿಕೊಂಡಳು. "ನೀವು ಹೇಳಿದ್ರಿ ಅಂತ ಅವನು ಫೋನ್ ಮಾಡ್ದ ಮೇಷ್ಟ್ರೇ."

"ಹೌದು. ನಾನೇ ಹೇಳ್ದೆ."

"ಅವನಿಗೆ ಆ ಓಹಾಯೊದ ಕಾಲೇಜು ಇಷ್ಟ ಇತ್ತು. ನನಗೆ ಹೇಳಿದ್ದ. ನಿಮಗೆ ಹೇಳಕ್ಕೆ ಸಂಕೋಚ."

ಇದು ಎಮಿಲನಿಗೆ ಗೊತ್ತಿರಲಿಲ್ಲ. ಅವಳು ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದ. ಅವಳು ಬೈಯಲಿಲ್ಲ, ಬಿಡುವು ಮುಗಿಯಿತೆಂದು ಎದ್ದು ಒಳಗೆ ಹೋದಳು.

ಜುಲೈನಲ್ಲಿ ಶಾಲೆಗೆ ಬಂದಾಗ ಅವಳ ಕೈಯಲ್ಲಿ ಒಂದು ಫಾರಂ ಇತ್ತು. ಜಾರ್ಜಿಯಾದಲ್ಲಿ ಅವಳ ದೊಡ್ಡಪ್ಪನ ಮಗಳಿದ್ದಳು. ಅಲ್ಲಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಗೊತ್ತಾಗಿತ್ತು. ಆ ಊರಿನ ಶಾಲೆಯ ತಂಡದಲ್ಲಿ ನೂರಿಪ್ಪತ್ತು ಹುಡುಗರಂತೆ, ವಾರಕ್ಕೆ ಹತ್ತು ಕಾಲೇಜಿನ ಕೋಚುಗಳು ಬರುತ್ತಾರಂತೆ.

"ನಮ್ಮ ತಾತ ಅಲ್ಲಿಂದ್ಲೇ ಬಂದಿದ್ದು ಮೇಷ್ಟ್ರೇ, ಕಾರ್ಖಾನೆ ಕೆಲಸಕ್ಕೆ. ಒಂದು ಪೆಟ್ಟಿಗೆ ತಗೊಂಡು ಬಂದ್ರಂತೆ. ನಾವು ಒಂದು ಲಾರಿ ಸಾಮಾನು ತಗೊಂಡು ವಾಪಸ್ ಹೋಗ್ತಿದೀವಿ, ಅಷ್ಟು ಸಂಪಾದನೆ ಆಯ್ತು," ಎಂದು ನಕ್ಕಳು. ನಗು ಅರ್ಧದಲ್ಲೇ ಒಣಗಿತು. "ಇದಕ್ಕೆ ಹಳೇ ಕೋಚ್ ರುಜು ಬೇಕಂತೆ."

ಫಾರಂನಲ್ಲಿ ಒಂದೇ ಪ್ರಶ್ನೆ ಮುಖ್ಯ. ಹುಡುಗ ಊರು ಬದಲಿಸುತ್ತಿರುವುದು ಆಟಕ್ಕಾಗಿಯೇ? ಹೌದು ಎಂದರೆ ಹೊಸ ಶಾಲೆಯಲ್ಲಿ ಅವನು ಒಂದು ವರ್ಷ ಆಡುವಂತಿಲ್ಲ. ಮಾರ್ಲನ್‌ಗೆ ಉಳಿದಿರುವುದೇ ಒಂದು ವರ್ಷ. ಎಮಿಲ್ ಹೌದು ಎಂಬುದಕ್ಕೆ ಗುರುತು ಹಾಕಿದರೆ ಅವರು ಹೋಗುವುದರಲ್ಲಿ ಅರ್ಥವೇ ಇಲ್ಲ.

ಪ್ರಿನ್ಸಿಪಾಲರು ಅವನನ್ನು ಕರೆಸಿ ಬಾಗಿಲು ಮುಂದೆ ಮಾಡಿದರು. "ನಿಮಗೆ ನಾನು ಹೇಳ್ಬೇಕಾಗಿಲ್ಲ. ತಂಡಕ್ಕೆ ಹೆಸರು ಕೊಟ್ಟಿರೋದು ಹದಿನೆಂಟೇ ಜನ. ಅದಕ್ಕಿಂತ ಕಮ್ಮಿ ಆದ್ರೆ ಮುಂದಿನ ವರ್ಷದಿಂದ ತಂಡ ಇರಲ್ಲ ಅಂತ ಶಾಲಾ ಮಂಡಳಿ ಹೇಳಿಯಾಗಿದೆ. ನಿಜ ಬರೀರಿ ಎಮಿಲ್. ನಾನು ಸುಳ್ಳು ಬರೀರಿ ಅಂತಿಲ್ಲ, ನಿಜ ಬರೀರಿ ಅಂತಿದೀನಿ."

ಮರಗೆಲಸದ ಕೋಣೆ ರಜೆಗೆಂದು ಖಾಲಿಯಾಗಿತ್ತು. ಎಮಿಲ್ ಫಾರಂ ಹಿಡಿದು ಬೆಂಚಿನ ಮೇಲೆ ಕೂತ. ನಿಜ ಬರೆದರೆ ಹುಡುಗ ಉಳಿಯುತ್ತಾನೆ, ತಂಡ ಉಳಿಯುತ್ತದೆ, ನಲವತ್ತು ವರ್ಷ ಕಾಯ್ದುಕೊಂಡು ಬಂದದ್ದು ಇನ್ನೊಂದು ವರ್ಷ ಉಳಿಯುತ್ತದೆ. ನಿಜ ಹೇಳುವುದು ಇಷ್ಟು ಲಾಭದ ಕೆಲಸವಾಗಿ ಅವನಿಗೆ ಯಾವತ್ತೂ ಎದುರಾಗಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಉಳಿದ ಹುಡುಗ ಇನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದೆ ಎದುರಿನವರನ್ನು ತಳ್ಳುತ್ತಾನೆ, ಆಮೇಲೆ ಹೆದ್ದಾರಿಯ ಗೋದಾಮಿನಲ್ಲಿ ಪೆಟ್ಟಿಗೆ ತಳ್ಳುತ್ತಾನೆ. ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ, ಕಾರಣ ತಾಯಿಯ ಉದ್ಯೋಗ ಎಂದು ಬರೆದ. ಕೆಳಗೆ ರುಜು ಹಾಕಿದ.

ಟೆಸ್ ಮನೆಯಲ್ಲಿ ಅದನ್ನು ಓದಿದಳು. "ಜೀವಮಾನದಲ್ಲಿ ಮೊದಲನೇ ಸುಳ್ಳು. ಅಕ್ಷರ ಮಾತ್ರ ದುಂಡಗಿದೆ," ಎಂದು ಅವನ ತಲೆಯ ಮೇಲೆ ಕೈಯಿಟ್ಟಳು.

ಹೊರಡುವ ದಿನ ಮಾರ್ಲನ್ ಲಾರಿಯ ಪಕ್ಕ ನಿಂತು, "ಸಾರಿ ಕೋಚ್," ಎಂದ. ಇಂಥ ಹುಡು‍ಗನಿಂದ ಕ್ಷಮೆ ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ಎಮಿಲನಿಗೆ ಅಳು ಬಂತು. ನಾನು ಕೇಳಬೇಕಾದ್ದು ಕಣೋ, ಎಂದು ಹೇಳಲು ಹೊರಟು, ಬೂಟಿನ ದಾರ ಗಟ್ಟಿಯಾಗಿ ಕಟ್ಟು, ಅಲ್ಲಿ ಸೆಖೆ, ನೀರು ಕುಡಿ ಎಂದ.

ಆಗಸ್ಟಿನಲ್ಲಿ ಅಭ್ಯಾಸಕ್ಕೆ ಹದಿನೇಳು ಜನ ಬಂದರು. ಸೆಪ್ಟೆಂಬರಿನಲ್ಲಿ ಒಬ್ಬನ ಕೊರಳೆಲುಬು ಮುರಿದು ಹದಿನಾರಾದರು. ಉಳಿದವರು ಪೂರ್ತಿ ಆಟ ಬಿಡುವಿಲ್ಲದೆ ಆಡಬೇಕು. ಮಧ್ಯಂತರದ ಹೊತ್ತಿಗೆ ಕಾಲು ಎಳೆಯುತ್ತಿದ್ದರು. ಒಂದು ಶುಕ್ರವಾರ ಎದುರು ತಂಡದ ಕೋಚೇ ಬಂದು, ಗಡಿಯಾರ ನಿಲ್ಲಿಸದೆ ಬೇಗ ಮುಗಿಸೋಣ, ಯಾರಿಗಾದರೂ ಏಟಾದೀತು ಎಂದ. ಎಮಿಲ್ ಒಪ್ಪಿ ತಲೆಯಾಡಿಸಿದ. ಮುಂದಿನ ವರ್ಷದಿಂದ ತಂಡ ಇಲ್ಲ ಎಂಬ ಮಂಡಳಿಯ ಕಾಗದ ಅಕ್ಟೋಬರಿನಲ್ಲಿ ಬಂತು. ಎಮಿಲ್ ಅದನ್ನು ಹುಡುಗರಿಗೆ ಹೇಳದೆ ಮೇಜಿನ ಡ್ರಾಯರಿನಲ್ಲಿ ಹಾಕಿದ. ಹುಡುಗರಿಗೆ ಆಗಲೇ ಗೊತ್ತಿತ್ತು.

ಅದಾದ ವಾರಕ್ಕೆ, ಒಂದು ಮಂಗಳವಾರ ಅಭ್ಯಾಸಕ್ಕೆ ಹೊರಡುವ ಹೊತ್ತಿನಲ್ಲಿ ಕೋಡಿ ರಾಲ್ಸ್ಟನ್ ಫೋನು ಮಾಡಿದ.

"ಕೋಚ್ ಡುಡಾ, ಒಂದು ಹುಡುಗನ ವಿಚಾರ ಕೇಳ್ಬೇಕಿತ್ತು. ಜಾರ್ಜಿಯಾದವನು, ಪೆಟ್ವೇ ಅಂತ. ಅದ್ಭುತ ಲೈನ್‌ಮನ್. ಮುಂಚೆ ನಿಮ್ಮ ಶಾಲೇಲಿ ಇದ್ನಂತೆ?"

"ನೀನು ಅವನ ಮನೆಗೆ ಬಂದಿದ್ದೆಯಲ್ಲಪ್ಪಾ."

ಆ ಕಡೆ ಕೀಲಿಮಣೆಯ ಟಕಟಕ ಸದ್ದಾಯಿತು. "ಓ, ಹೌದು ಹೌದು. ಇಲ್ಲೇ ಬರೆದಿದೆ. ನೋಡಿ ಕೋಚ್, ನಮ್ಮಲ್ಲಿ ಇಬ್ಬರು ಕೈಬಿಟ್ಟು ಹೋದ್ರು. ಈ ಸಲ ನಿಜವಾದ್ದು, ಒಪ್ಕೊಳ್ಳಬಹುದಾದ್ದೇ. ಪೂರ್ತಿ ವಿದ್ಯಾರ್ಥಿವೇತನ. ಅವರಮ್ಮ ಫೋನೇ ಎತ್ತುತ್ತಿಲ್ಲ. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ."

ಬೈಯಬೇಕಿತ್ತು. ನಾನಾಗಿದ್ದರೆ ಬೈಯುತ್ತಿದ್ದೆ. ಆದರೆ ಎಮಿಲನ ಮನಸ್ಸು ಆ ಹೊತ್ತಿಗೆ ಓಡಿಹೋಗಿತ್ತು. ಒಪ್ಪಿಕೊಳ್ಳಬಹುದಾದ್ದು. ಒಂದೂವರೆ ಗಂಟೆ ದಾರಿ. ಹುಡುಗ ವಾಪಸ್ ಬರುತ್ತಾನೆ. ತಾನು ಕೆಡಿಸಿದ್ದು ಸರಿಹೋಗುತ್ತದೆ. ಹುಡುಗರು ಮೈದಾನದಲ್ಲಿ ಕಾಯುತ್ತಿರಲಿ ಎಂದು ಅಲ್ಲೇ ನಿಂತು ಲೊರೇನಳಿಗೆ ಫೋನು ಮಾಡಿದ. ಅವಳು ಮೊದಲ ರಿಂಗಿಗೇ ಎತ್ತಿದಳು.

"ಮೇಷ್ಟ್ರೇ, ಚೆನ್ನಾಗಿದೀರಾ? ಟೆಸ್ ಹೇಗಿದಾರೆ?"

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಈ ಸಲ ಪ್ರತಿ ಮಾತನ್ನೂ ತಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ ಎಂದ, ಅದು ನಿಜವಲ್ಲದಿದ್ದರೂ.

ಲೊರೇನ್ ಅವನು ಮುಗಿಸುವವರೆಗೂ ಕೇಳಿದಳು. ಅವಳ ದನಿ ಮೆತ್ತಗಿತ್ತು. "ವೆಸ್ಟ್‌ಬ್ರಿಜ್ಜಾ? ಅದು ಇಲ್ಲಿಂದ ಹನ್ನೆರಡು ಗಂಟೆ ದಾರಿ ಆಗುತ್ತಲ್ಲ ಮೇಷ್ಟ್ರೇ. ಇಲ್ಲೇ ಒಂದು ಕಾಲೇಜಿನವರು ಕೇಳ್ತಿದಾರೆ, ಮುಕ್ಕಾಲು ಗಂಟೆ. ಶನಿವಾರ ನನಗೆ ಇಲ್ಲೂ ರಜ ಕೊಟ್ಟಿದಾರೆ. ನಾನು ದೊಡ್ಡದೇನೂ ಕೇಳ್ತಿಲ್ಲ. ಮಗ ಮನೆ ಹತ್ರ ಇರ್ಲಿ."

ಎಮಿಲ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಹೂಂ ಕಣಮ್ಮ," ಎಂದ. "ಹತ್ರ ಇರೋದೇ ಒಳ್ಳೇದು."